ಎ.ಸಿ. ಏನನ್ನುತ್ತಿದೆ? ಸ್ವಲ್ಪ ಕಿವಿಗೊಡಿ

ಕಳೆದ ಬೇಸಿಗೆಯ ಒಂದು ರಾತ್ರಿ, ನಮ್ಮ ದೇಹೂ ರೋಡಿನಲ್ಲಿ ಪಕ್ಕದ ಕಟ್ಟಡದ ಹುಡುಗ ಫೋನ್ ಮಾಡಿದ. "ಕಾಕಾ, ಅಜ್ಜಿ ಖೋಲ್ಯಾಗಿನ ಎ.ಸಿ. ಆವಾಜ್ ಮಾಡಾಕತ್ತದ." ಎಂಥ ಆವಾಜೋ ಎಂದು ಕೇಳಿದೆ. "ಆವಾಜ್ ಕಾಕಾ... ಏನೋ ಒಂಥರಾ" ಎಂದ. ಹಗಲು ಬಂದಿದ್ದ ಮೆಕ್ಯಾನಿಕ್ ಐದೇ ನಿಮಿಷದಲ್ಲಿ "ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು" ಎಂದು ಹೇಳಿ ಹೋಗಿದ್ದನಂತೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಹೊರಗೆ ಬೆಂಕಿಯಂಥ ಸೆಕೆ, ಅಪ್ಪನ ಕೈಯಲ್ಲಿ ತಿಂಗಳ ಕೊನೆಯ ದುಡ್ಡು.

"ಫೋನು ಅಜ್ಜಿಗೆ ಕೊಡಪ್ಪ" ಎಂದೆ. ಅಜ್ಜಿ ಹೇಳಿದರು: "ಮೊದ್ಲು ಗುಂಯ್ ಅಂತದ ತಮ್ಮಾ, ಆಮ್ಯಾಲ ಟಕ್ ಅಂತದ, ಸುಮ್ಮನಾಗ್ತದ. ಸ್ವಲ್ಪ ಹೊತ್ತಿಗೆ ಮತ್ತ ಗುಂಯ್."

ಎ.ಸಿ.ಯ ಒಳಗನ್ನು ಎಂದೂ ನೋಡದ ಅಜ್ಜಿ ಅರ್ಧ ರೋಗವನ್ನು ಹೇಳಿಬಿಟ್ಟಿದ್ದರು. ಗುಂಯ್ ಎಂದರೆ ಕಂಪ್ರೆಸರಿಗೆ ಕರೆಂಟು ತಲುಪಿದೆ, ಆದರೆ ಅದು ತಿರುಗಲಾರದೆ ಒದ್ದಾಡುತ್ತಿದೆ. ಒದ್ದಾಡಿ ಬಿಸಿಯೇರಿದಾಗ ಓವರ್‌ಲೋಡ್ ಎಂಬ ಪುಟ್ಟ ಕಾವಲುಗಾರ ಟಕ್ ಎಂದು ಕರೆಂಟು ತಪ್ಪಿಸುತ್ತಾನೆ. ತಣಿದ ಮೇಲೆ ಮತ್ತೆ ಅದೇ ಕಥೆ. ಕಂಪ್ರೆಸರ್ ನಿಜವಾಗಿಯೂ ಜಾಮ್ ಆಗಿದ್ದರೂ ಹೀಗಾಗುತ್ತದೆ, ವೋಲ್ಟೇಜ್ ಕಡಿಮೆಯಿದ್ದರೂ ಆಗುತ್ತದೆ. ಆದರೆ ಮೊದಲು ಅನುಮಾನಿಸಬೇಕಾದದ್ದು ಕೆಪಾಸಿಟರನ್ನು. ಮೋಟಾರು ತಿರುಗಲು ಮೊದಲ ನೂಕು ಕೊಡುವ ಡಬ್ಬಿ ಅದು. ಬೆಲೆ ಕೆಲವು ನೂರು ರೂಪಾಯಿ. ಕಂಪ್ರೆಸರಿನ ಬೆಲೆಯಾದರೋ ಸಾವಿರಗಳ ಲೆಕ್ಕ. ಮರುದಿನ ನಾನೇ ಮೀಟರ್ ಹಿಡಿದು ಹೋದೆ. ಡಬ್ಬಿಯ ಮೇಲೆ ಬರೆದ ಮೈಕ್ರೋಫ್ಯಾರಡ್ಡಿನ ಅರ್ಧವೂ ಅದರಲ್ಲಿ ಉಳಿದಿರಲಿಲ್ಲ. ಹೊಸದು ಹಾಕಿದ ಮೇಲೆ ಎ.ಸಿ. ಓಡಿತು. ಆ ಮೆಕ್ಯಾನಿಕ್ ಸುಳ್ಳು ಹೇಳಿದ ಎನ್ನಲಾರೆ; ಕಿವಿಗೊಡುವ ವ್ಯವಧಾನ ಅವನಿಗಿರಲಿಲ್ಲ, ಅಷ್ಟೇ. (ನಿಮ್ಮದು ಇನ್ವರ್ಟರ್ ಎ.ಸಿ.ಯಾದರೆ ಈ ಕಥೆ ಹೊಂದುವುದಿಲ್ಲ. ಅದರ ಕಂಪ್ರೆಸರನ್ನು ನಡೆಸುವುದು ಎಲೆಕ್ಟ್ರಾನಿಕ್ ಬೋರ್ಡು. ಅದರ ಗುಂಯ್ ಏರುತ್ತ ಇಳಿಯುತ್ತ ಇರುವುದೇ ಸಹಜ.)

ಈ ವಿದ್ಯೆ ಹೊಸದೇನಲ್ಲ. ಹಲಸಿನ ಹಣ್ಣನ್ನು ಬಡಿದು, ತೆಂಗಿನಕಾಯಿಯನ್ನು ಅಲುಗಾಡಿಸಿ, ಮಡಕೆಯನ್ನು ಬೆರಳಲ್ಲಿ ತಟ್ಟಿ ಕೊಳ್ಳುವವರು ನಮ್ಮ ಹಿರಿಯರು. ಹಿಂದೆ ರೈಲು ನಿಲ್ದಾಣಗಳಲ್ಲಿ ಸುತ್ತಿಗೆಯಿಂದ ಗಾಲಿ ತಟ್ಟಿ, ದನಿ ಕೇಳಿಯೇ ಬಿರುಕು ಹಿಡಿಯುವವರಿದ್ದರು. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಸ್ಟೆತಾಸ್ಕೋಪ್ ಮಾಡಿದ್ದೂ ಇಂಥದೇ ಕೆಲಸಕ್ಕೆ. ನಿಮಗೆ ಕೊರತೆಯಿರುವುದು ಕಿವಿಯದಲ್ಲ, ಮಾತಿನದು. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಿಮಗೆ ಎಲ್ಲವೂ 'ಆವಾಜ್', ಇಲ್ಲವೇ 'ಸೌಂಡ್'. ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬುದೊಂದಿದೆ: ಗುಂಯ್, ಬುಸ್, ಕಿರ್ರ್, ಗಡಗಡ, ಚಟಚಟ, ಗುಳುಗುಳು. ಮನೆಯಲ್ಲಿ ಅಜ್ಜಿಯೊಬ್ಬರಿದ್ದರೆ ಸಾಕು, ಇವಕ್ಕೆ ಪುಸ್ತಕ ಬೇಡ.

ಸದ್ದು ಯಾವುದು ಎಂಬುದರ ಜೊತೆಗೆ ಎಲ್ಲಿಂದ ಮತ್ತು ಯಾವಾಗ ಎಂಬುದೂ ಗೊತ್ತಿರಬೇಕು. ಗೋಡೆಯ ಮೇಲಿನ ಪೆಟ್ಟಿಗೆಯಿಂದಲೋ, ಹೊರಗಿನದರಿಂದಲೋ? ಶುರುವಾಗುವಾಗಲೋ, ಓಡುವಾಗಲೋ, ನಿಂತ ಮೇಲೋ? ನಮ್ಮಲ್ಲಿ ಹಳೇ ಮುಂಬಯಿ ಹೆದ್ದಾರಿಯ ಲಾರಿಗಳು, ಲೋಣಾವಳ ಲೋಕಲ್ಲು ಎರಡೂ ಕೂಗುತ್ತಿರುವುದರಿಂದ ಬೆಳಗಿನ ಜಾವ ಕೇಳುವುದು ಒಳ್ಳೆಯದು.

ಒಳಗಿನ ಪೆಟ್ಟಿಗೆ ತಣಿಯುವಾಗ, ಬೆಚ್ಚಗಾಗುವಾಗ ಟಿಕ್ ಟಿಕ್ ಎನ್ನುವುದು ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವ ಸದ್ದು, ಬಿಟ್ಟುಬಿಡಿ. ಕಿರ್ರ್ ಎಂದು ನಿಲ್ಲದೆ ಕೊರೆದರೆ ಬ್ಲೋವರಿನ ಬುಷ್ ಅಥವಾ ಬೇರಿಂಗ್ ಸವೆದಿದೆ. ಹೊರಗಿನದು ಗಡಗಡ ಎಂದರೆ ನಟ್ಟು ಸಡಿಲ, ಕಾಲಡಿಯ ರಬ್ಬರು ಮಾಯ, ಇಲ್ಲವೇ ನಮ್ಮ ಮಳೆಗೆ ಬ್ರಾಕೆಟ್ಟು ತುಕ್ಕು ಹಿಡಿದಿದೆ. ಈ ಕೊನೆಯದನ್ನು ಹಗುರವಾಗಿ ನೋಡಬೇಡಿ, ಕೆಳಗೆ ಜನ ಓಡಾಡುತ್ತಾರೆ. ಪಟಪಟ ಎಂದರೆ ಫ್ಯಾನಿಗೆ ಕಾಗದವೋ ಕಡ್ಡಿಯೋ ತಾಗುತ್ತಿರಬಹುದು.

ಬುಸ್ ಎಂಬುದು ಮಾತ್ರ ಸ್ವಲ್ಪ ಮೋಸದ ಸದ್ದು. ಎ.ಸಿ. ನಿಂತ ಮೇಲೆ ಒಂದೆರಡು ನಿಮಿಷ ಬುಸ್, ಗುಳುಗುಳು ಎಂದರೆ ಪೈಪಿನೊಳಗಿನ ಒತ್ತಡ ಸಮನಾಗುತ್ತಿದೆ ಎಂದರ್ಥ. ಆರಿಸಿದ ಎ.ಸಿ.ಯನ್ನು ಮೂರು ನಿಮಿಷ ತಡೆದು ಹಚ್ಚಿ ಎನ್ನುವುದೂ ಇದಕ್ಕೇ. ಆದರೆ ಓಡುವಾಗ ಒಂದೇ ಸಮನೆ ಬುಸ್, ಜೊತೆಗೆ ತಂಪು ಕಡಿಮೆ, ಕಾಯಿಲಿನ ಮೇಲೆ ಮಂಜುಗಡ್ಡೆ ಎಂದರೆ ಗ್ಯಾಸ್ ಸೋರುತ್ತಿದೆಯೇ ಎಂದು ನೋಡಿಸಬೇಕು. ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವ ಪದಾರ್ಥವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ. ತೂತು ಹುಡುಕದೆ ವರ್ಷವರ್ಷ ಗ್ಯಾಸ್ ತುಂಬಿಸಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಈಚಿನ ಎ.ಸಿ.ಗಳಲ್ಲಿರುವ ಆರ್-32 ಗ್ಯಾಸು ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣದ್ದು. ಸೋರಿಕೆಯ ಅನುಮಾನವಿದ್ದರೆ ಕಿಟಕಿ ತೆರೆಯಿರಿ, ಬೆಂಕಿಕಡ್ಡಿ ಗೀಚಬೇಡಿ.

ಚಟಚಟ ಎಂಬ ಸದ್ದಿನ ಜೊತೆ ಸುಟ್ಟ ವಾಸನೆ ಬಂದರೆ ಕೇಳುತ್ತ ನಿಲ್ಲಬೇಡಿ. ಎಂ.ಸಿ.ಬಿ. ಇಳಿಸಿ. ಹಾಗೆಯೇ ಹೊರಗಿನ ಪೆಟ್ಟಿಗೆಯ ಮುಚ್ಚಳ ಬಿಚ್ಚುವ ಉತ್ಸಾಹವೂ ಬೇಡ. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಹೊಡೆತ ಉಳಿದಿರುತ್ತದೆ. ನಿಮ್ಮ ಕೆಲಸ ಕೇಳುವುದು, ಸರಿಯಾಗಿ ಹೇಳುವುದು.

ಅಂದ ಹಾಗೆ, ಆ ಹುಡುಗ ಮಳೆಗಾಲ ಶುರುವಾದ ಮೇಲೆ ಮತ್ತೆ ಫೋನ್ ಮಾಡಿದ. "ಕಾಕಾ, ಒಳಗಿನ ಪೆಟಗ್ಯಾಗ ಗುಳುಗುಳು ಅಂತದ. ನಿಂತ ಮ್ಯಾಲಲ್ಲ, ಓಡುವಾಗ. ಗ್ವಾಡಿಗುಂಟ ನೀರೂ ಇಳೀತಾವ." ನೀರು ಹೋಗುವ ಪೈಪು ಕಟ್ಟಿಕೊಂಡಿರಬೇಕು, ಮೊದಲು ಎ.ಸಿ. ಆರಿಸು, ಹೊರಗೆ ಪೈಪಿನ ತುದಿ ನೋಡು ಎಂದೆ. ಹತ್ತು ನಿಮಿಷಕ್ಕೆ ತಿರುಗಿ ಕರೆ ಬಂತು. ಪೈಪಿನ ಬಾಯಿಯಲ್ಲಿ ಕೆಸರು ಮೆತ್ತಿತ್ತಂತೆ. ಗುಳುಗುಳು ಎಂಬ ಮಾತನ್ನು ಹೇಳಿಕೊಟ್ಟಿದ್ದು ಯಾರೆಂದು ನಾನು ಕೇಳಲಿಲ್ಲ. ಹಿಂದೆ ಅಜ್ಜಿ ನಗುವುದು ಕೇಳಿಸುತ್ತಿತ್ತು.