ನಿಮಗಿದು ಗೊತ್ತೆ? ಕೇಳದೆ ತೆಗೆದ ಗರ್ಭಕೋಶ

ಅಮೆರಿಕದ ಮಿಸಿಸಿಪಿಯಲ್ಲಿ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಮಹಿಳೆ ಫ್ಯಾನಿ ಲೂ ಹೇಮರ್ 1961ರಲ್ಲಿ ಗರ್ಭಕೋಶದ ಗಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿದರು. ವೈದ್ಯರು ಆಕೆಯ ಒಪ್ಪಿಗೆಯನ್ನೇ ಕೇಳದೆ ಇಡೀ ಗರ್ಭಕೋಶವನ್ನು ತೆಗೆದುಹಾಕಿದರು. ಆಗ ಅವರಿಗಿನ್ನೂ 44 ದಾಟಿರಲಿಲ್ಲ. ಮುಂದೆ ಮತದಾನದ ಹಕ್ಕಿಗಾಗಿ ಹೋರಾಡಿ ಹೆಸರಾದ ಹೇಮರ್, ಈ ಕ್ರೌರ್ಯವನ್ನು ‘ಮಿಸಿಸಿಪಿ ಅಪೆಂಡೆಕ್ಟಮಿ’ ಎಂದು ಕರೆದರು. ಬಡ ಕಪ್ಪು ಹೆಂಗಸರ ಪಾಲಿಗೆ ಅಲ್ಲಿ ಅದು ಅಪೆಂಡಿಕ್ಸ್ ತೆಗೆದಷ್ಟೇ ಮಾಮೂಲಾಗಿತ್ತು! ಹೆತ್ತ ಮಕ್ಕಳಿಲ್ಲದ ಆಕೆ ಹೆಣ್ಣುಮಕ್ಕಳನ್ನು ದತ್ತು ಪಡೆದು ಸಾಕಿದರು.

ಒಂದೆಡೆ ಹೀಗೆ ಗರ್ಭಕೋಶವನ್ನೇ ಕಿತ್ತುಕೊಂಡರೆ, ಇನ್ನೊಂದೆಡೆ ಕಪ್ಪು ಹೆಂಗಸರಿಗೆ ಮಕ್ಕಳಾಗುವುದು ಸಲೀಸು ಎಂಬ ತಪ್ಪು ನಂಬಿಕೆ ಆ ದೇಶದಲ್ಲಿ ಇಂದಿಗೂ ಉಳಿದಿದೆ. ವಾಸ್ತವದಲ್ಲಿ ಸಂತಾನಹೀನತೆ ಅವರಲ್ಲಿ ಬಿಳಿಯರಿಗಿಂತ ಹೆಚ್ಚು, ಚಿಕಿತ್ಸೆ ಪಡೆಯುವವರು ಮಾತ್ರ ಕಡಿಮೆ. ಗರ್ಭ ನಿಲ್ಲಲು ಅಡ್ಡಿಯಾಗಬಲ್ಲ ಫೈಬ್ರಾಯ್ಡ್ ಗಡ್ಡೆಗಳು 50 ವರ್ಷ ತುಂಬುವಷ್ಟರಲ್ಲಿ ಶೇ 80ಕ್ಕೂ ಹೆಚ್ಚು ಕಪ್ಪು ಮಹಿಳೆಯರಲ್ಲಿ ಕಾಣಿಸಿಕೊಳ್ಳುತ್ತವೆ, ಅದೂ ಬಿಳಿಯರಿಗಿಂತ ಎಳೆಯ ವಯಸ್ಸಿಗೇ. ಪ್ರನಾಳ ಶಿಶು ಚಿಕಿತ್ಸೆಯಾದ ಐವಿಎಫ್‌ನ ಒಂದು ಸುತ್ತಿಗೆ ಸಾಮಾನ್ಯವಾಗಿ 15,000 ಡಾಲರಿನಷ್ಟು ಅಥವಾ ಅದಕ್ಕೂ ಹೆಚ್ಚು ಬೇಕು. ಬಡವರ ಸರ್ಕಾರಿ ವಿಮೆಯಾದ ಮೆಡಿಕೆಯ್ಡ್ ಬಹುತೇಕ ರಾಜ್ಯಗಳಲ್ಲಿ ಈ ಖರ್ಚು ಭರಿಸುವುದಿಲ್ಲ.

ಹಣದ ಜೊತೆಗೆ ಇನ್ನೊಂದು ದೊಡ್ಡ ಅಡ್ಡಿ, ಸಂತಾನಹೀನತೆಯ ಬಗೆಗಿನ ಮೌನ. ಅದನ್ನು ಮುರಿದವರಲ್ಲಿ ಅಮೆರಿಕದ ಮಾಜಿ ಪ್ರಥಮ ಮಹಿಳೆ ಮಿಶೆಲ್ ಒಬಾಮಾ ಒಬ್ಬರು. ತಮಗೆ ಗರ್ಭಸ್ರಾವವಾಗಿತ್ತು, ಹೆಣ್ಣುಮಕ್ಕಳಾದ ಮಲಿಯಾ ಮತ್ತು ಸಾಶಾ ಇಬ್ಬರೂ ಐವಿಎಫ್‌ನಿಂದ ಹುಟ್ಟಿದವರು ಎಂದು 2018ರ ಆತ್ಮಕಥೆ ‘ಬಿಕಮಿಂಗ್’ನಲ್ಲಿ ಅವರು ಬರೆದರು.