ಎಂಆರ್ ಅಣ್ಣನ ಬ್ಯಾಗು ಎಲ್ಲಿ ಹೋಯ್ತು?

ನೀವು ಯಾವ ಊರಿನವರೇ ಆಗಿರಿ, ಈ ದೃಶ್ಯ ನೋಡಿಯೇ ಇರ್ತೀರ. ಜ್ವರ ಅಂತ ಡಾಕ್ಟರ್ ಹತ್ರ ಹೋಗಿ ಬೆಂಚಿನ ಮೇಲೆ ಕೂತಿದ್ದೀರಿ. ನಿಮಗಿಂತ ಮುಂದೆ ಇನ್ನೂ ಆರು ಜನ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಶರ್ಟು, ಟೈ, ಕೈಯಲ್ಲಿ ಭಾರದ ಕಪ್ಪು ಬ್ಯಾಗು ಹಿಡಿದ ಒಬ್ಬರು ಬಂದು, ಕಾಂಪೌಂಡರ್ ಕಡೆ ನೋಡಿ ಒಂದು ನಗೆ ನಕ್ಕು, ಸೀದಾ ಒಳಗೆ ಹೋಗ್ತಾರೆ. ಪಕ್ಕದಲ್ಲಿ ಕೂತ ಅಜ್ಜಿ ಗೊಣಗ್ತಾರೆ: "ನಾವೇನು ಇಲ್ಲಿ ನೊಣ ಹೊಡೀತಾ ಕೂತಿದ್ದೀವಾ?" ಒಳಗೆ ಹೋದವರು ಎಂಆರ್, ಅಂದ್ರೆ ಮೆಡಿಕಲ್ ರೆಪ್ರೆಸೆಂಟೇಟಿವ್. ತಮ್ಮ ಕಂಪನಿಯ ಮಾತ್ರೆಯ ಗುಣಗಾನ ಮಾಡಿ, ಸ್ಯಾಂಪಲ್ ಕೊಟ್ಟು, ಒಂದು ಪೆನ್ನೋ ಕ್ಯಾಲೆಂಡರೋ ಇಟ್ಟು ಬರೋದು ಅವರ ಕೆಲಸ.

ಆ ಅಜ್ಜಿಗೆ ಮೆಡಿಸಿನ್ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಒಂದು ವಿಷಯ ಮಾತ್ರ ಕಣ್ಣಿಗೆ ಕಾಣುತ್ತಿತ್ತು: ಈಗ ಒಳಗೆ ಹೋದದ್ದು ಔಷಧ ಕಂಪನಿಯ ಮನುಷ್ಯ. ಈ ಲೇಖನದ ವಿಷಯ ಅದೇ. ಆ ಬ್ಯಾಗು ಈಗ ನಿಧಾನಕ್ಕೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಗ್ತಾ ಇದೆ. ಹೋಗ್ತಿರೋ ದಾರಿಯ ಕೋಡ್ ಬರೆಯೋರು ನಮ್ಮಂಥವರೇ.

ನಮಗೆ ಈ ವಿಷಯ ತಲೆಗೆ ಹೊಕ್ಕಿದ್ದು ಹಾಸ್ಟೆಲ್ ಮೆಸ್ಸಿನಲ್ಲಿ. ನಮ್ಮ ಸಂಘದ ಫೈನಲ್ ಇಯರ್ ಅಕ್ಕ ಒಬ್ಬರು ಒಂದು ಸಣ್ಣ ಕಂಪನಿಯ ಇಂಟರ್ವ್ಯೂಗೆ ಹೋಗಿದ್ದರು. ಕಂಪನಿ ಕೊಟ್ಟ ಅಸೈನ್‌ಮೆಂಟ್ ಇಷ್ಟು: ಡಾಕ್ಟರುಗಳು ಮಾತ್ರ ಇರುವ ಒಂದು ಆ್ಯಪ್‌ನ ಮಾದರಿ ಡೇಟಾ, ಯಾರು ಯಾರಿಗೆ ಉತ್ತರ ಬರೆದರು, ಯಾರು ಯಾರನ್ನು ಫಾಲೋ ಮಾಡ್ತಾರೆ. ಅದರಲ್ಲಿ ಅತಿ ಹೆಚ್ಚು ಪ್ರಭಾವ ಇರುವ ನೂರು ಡಾಕ್ಟರುಗಳನ್ನು ಹುಡುಕಿ. ಗ್ರಾಫ್ ಥಿಯರಿ ಓದಿದವರಿಗೆ ಇದು ಒಂದು ಸಂಜೆಯ ಕೆಲಸ. ಅಕ್ಕ ಮಾಡಿ ಮುಗಿಸಿದರು. ಊಟಕ್ಕೆ ಕೂತಾಗ ಅವರೇ ಕೇಳಿದರು: "ಅಲ್ಲ, ಈ ನೂರು ಜನರ ಪಟ್ಟಿ ಯಾರಿಗೆ ಬೇಕು? ಯಾಕೆ ಬೇಕು?" ಸಾರು ಆರಿಹೋಯ್ತು, ಉತ್ತರ ಸಿಗಲಿಲ್ಲ. ಆಮೇಲೆ ನಾವೆಲ್ಲ ಸೇರಿ ಹುಡುಕಿದೆವು.

ಇಲಿನಾಯ್‌ನ 125 ಡಾಕ್ಟರುಗಳು

ಇಂಟರ್ನೆಟ್ ಬರುವ ಎಷ್ಟೋ ಮೊದಲೇ ಔಷಧ ಕಂಪನಿಗಳು ಇದೇ ಪ್ರಶ್ನೆ ಕೇಳಿದ್ದವು. 1950ರ ದಶಕ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಅಮೆರಿಕದಲ್ಲಿ ಹೊಸದಾಗಿ ಮಾರುಕಟ್ಟೆಗೆ ಬಂದಿತ್ತು. ಹೊಸ ಔಷಧವನ್ನು ಕೆಲವು ಡಾಕ್ಟರುಗಳು ತಕ್ಷಣ ಬರೆಯೋಕೆ ಶುರು ಮಾಡ್ತಾರೆ, ಕೆಲವರು ತಿಂಗಳುಗಟ್ಟಲೆ ಕಾಯ್ತಾರೆ. ಯಾಕೆ ಅಂತ ತಿಳಿಯಲು ಫೈಜರ್ ಕಂಪನಿ ದುಡ್ಡು ಕೊಟ್ಟಿತು. ಜೇಮ್ಸ್ ಕೋಲ್ಮನ್, ಎಲಿಹು ಕಾಟ್ಜ್, ಹರ್ಬರ್ಟ್ ಮೆನ್ಜೆಲ್ ಅನ್ನುವ ಮೂವರು ಸಮಾಜಶಾಸ್ತ್ರಜ್ಞರು ಇಲಿನಾಯ್ ರಾಜ್ಯದ ನಾಲ್ಕು ಊರುಗಳಿಗೆ ಹೋದರು.

ಅವರು ಡಾಕ್ಟರುಗಳಿಗೆ ಕೇಳಿದ ಮುಖ್ಯ ಪ್ರಶ್ನೆಗಳು ಮೂರು. ಸಲಹೆ ಬೇಕಾದಾಗ ಯಾರ ಹತ್ರ ಹೋಗ್ತೀರಿ? ಕೇಸುಗಳ ಬಗ್ಗೆ ಯಾರ ಜೊತೆ ಮಾತಾಡ್ತೀರಿ? ಡಾಕ್ಟರುಗಳ ಪೈಕಿ ನಿಮ್ಮ ಸ್ನೇಹಿತರು ಯಾರು? ಆಮೇಲೆ ಆ ಊರುಗಳ ಮೆಡಿಕಲ್ ಸ್ಟೋರುಗಳಿಗೆ ಹೋಗಿ ಹಳೇ ಚೀಟಿಗಳನ್ನು ತೆಗೆಸಿ, ಯಾವ ಡಾಕ್ಟರು ಯಾವ ತಿಂಗಳು ಮೊದಲ ಸಲ ಈ ಔಷಧ ಬರೆದರು ಅಂತ ನೋಡಿದರು. 125 ಡಾಕ್ಟರುಗಳ ಲೆಕ್ಕ ಸಿಕ್ಕಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಾಕ್ಟರುಗಳು ನೋಡ್‌ಗಳು, ಸ್ನೇಹ ಮತ್ತು ಸಲಹೆ ಎಡ್ಜ್‌ಗಳು, ಚೀಟಿಯ ಮೇಲಿನ ತಾರೀಖು ಟೈಮ್‌ಸ್ಟಾಂಪ್. ಅಕ್ಕ ಮಾಡಿದ ಅಸೈನ್‌ಮೆಂಟನ್ನೇ ಅವರು ಪೆನ್ಸಿಲ್ಲು ಪೇಪರಿನಲ್ಲಿ ಮಾಡಿದ್ದರು!

ಅವರಿಗೆ ಸಿಕ್ಕ ಉತ್ತರ: ಬೇರೆ ಡಾಕ್ಟರುಗಳ ಜೊತೆ ಹೆಚ್ಚು ಒಡನಾಟ ಇದ್ದವರು ಹೊಸ ಔಷಧವನ್ನು ಬೇಗ ಬರೆಯೋಕೆ ಶುರು ಮಾಡಿದ್ದರು. ಒಂಟಿಯಾಗಿ ಇದ್ದವರು ತಡ ಮಾಡಿದ್ದರು. ಅಂದರೆ ಹೊಸ ಔಷಧ ಡಾಕ್ಟರಿಂದ ಡಾಕ್ಟರಿಗೆ, ಹೆಚ್ಚುಕಮ್ಮಿ ನೆಗಡಿ ಹರಡುವ ಹಾಗೆ ಹರಡುತ್ತೆ. ಕಂಪನಿಗಳಿಗೆ ಇದರಿಂದ ಸಿಕ್ಕ ಪಾಠ ಸರಳ. ಎಲ್ಲ ಡಾಕ್ಟರ ಬಾಗಿಲು ತಟ್ಟಬೇಕಿಲ್ಲ, ಉಳಿದವರು ಯಾರ ಮಾತು ಕೇಳ್ತಾರೋ ಅವರನ್ನು ಹಿಡಿದರೆ ಸಾಕು. ಈ ಕಥೆಗೆ ಇನ್ನೊಂದು ತಿರುವಿದೆ, ಅದು ಆಮೇಲೆ.

ಆ್ಯಪ್ ಉಚಿತ, ಹಾಗಾದ್ರೆ ದುಡ್ಡು ಯಾರದು?

2006ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡೇನಿಯಲ್ ಪಾಲೆಸ್ಟ್ರಾಂಟ್ ಅನ್ನುವ ವೈದ್ಯರು ಸರ್ಮೋ ಅನ್ನುವ ತಾಣ ಶುರು ಮಾಡಿದರು. ಒಳಗೆ ಬರೋಕೆ ಡಾಕ್ಟರೇ ಆಗಿರಬೇಕು. ಬೇಕಾದರೆ ಅಡ್ಡಹೆಸರಿನಲ್ಲಿ ಬರೆಯಬಹುದು. "ನನ್ನ ರೋಗಿಗೆ ಈ ಮಾತ್ರೆ ಕೊಟ್ಟ ಮೇಲೆ ಹೀಗಾಯ್ತು, ನಿಮ್ಮಲ್ಲಿ ಯಾರಾದ್ರೂ ನೋಡಿದ್ದೀರಾ?" ಅಂತ ಕೇಳಬಹುದು. ಸಣ್ಣ ಊರಿನಲ್ಲಿ ಒಬ್ಬರೇ ಪ್ರಾಕ್ಟೀಸ್ ಮಾಡುವ ಡಾಕ್ಟರಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಯೋಚಿಸಿ. ಅಡ್ಡಪರಿಣಾಮಗಳ ಸುದ್ದಿ ಬೇಗ ಹಬ್ಬುತ್ತೆ, ಅಪರೂಪದ ಕಾಯಿಲೆಗೆ ನೂರು ತಲೆಗಳು ಒಟ್ಟಿಗೆ ಕೆಲಸ ಮಾಡ್ತವೆ. ಡಾಕ್ಟರುಗಳು ಸೋಶಿಯಲ್ ಮೀಡಿಯಾ ಬಳಸೋದರಲ್ಲಿ ನಿಜವಾದ ಒಳ್ಳೇದಿದೆ, ಅದನ್ನು ಅಲ್ಲಗಳೆಯೋಕೆ ಆಗಲ್ಲ.

ಆಗ ಡಾಕ್ಟರುಗಳಿಗೆ ಫೀಸಿರಲಿಲ್ಲ, ಜಾಹೀರಾತೂ ಇರಲಿಲ್ಲ. ಹಾಗಾದರೆ ಸರ್ವರ್ ಖರ್ಚು? ಒಳಗೆ ನಡೆಯುವ ಮಾತುಕತೆಯನ್ನು ಹೆಸರಿಲ್ಲದೆ ನೋಡಲು, ಡಾಕ್ಟರುಗಳಿಗೆ ಪ್ರಶ್ನೆ ಹಾಕಲು ಹಣಕಾಸು ಸಂಸ್ಥೆಗಳು ಮತ್ತು ಕಂಪನಿಗಳು ದುಡ್ಡು ಕೊಡ್ತಿದ್ದವು. 2007ರ ಅಕ್ಟೋಬರ್‌ನಲ್ಲಿ ಸರ್ಮೋ ಜೊತೆ ಒಪ್ಪಂದ ಮಾಡಿಕೊಂಡ ದೊಡ್ಡ ಔಷಧ ಕಂಪನಿ ಯಾವುದು ಗೊತ್ತಾ? ಅದೇ ಫೈಜರ್. ಇಲಿನಾಯ್‌ನಲ್ಲಿ ಚೀಟಿ ಹುಡುಕಿಸಿದ ಕಂಪನಿಗೆ ಅರ್ಧ ಶತಮಾನದ ಮೇಲೆ ಅದೇ ಮಾತುಕತೆ ಸ್ಕ್ರೀನಿನ ಮೇಲೆ ಸಿಗುವಂತಾಯ್ತು.

ಜಪಾನಿನ ಎಂ3 ಕಂಪನಿ ಇನ್ನೂ ನೇರವಾಗಿ ಹೊರಟಿತು. 2000ದಲ್ಲಿ ಶುರುವಾದ ಈ ಕಂಪನಿಯ ಮುಖ್ಯ ಸೇವೆಯ ಹೆಸರೇ ಎಂಆರ್-ಕುನ್. 'ಕುನ್' ಅನ್ನೋದು ಜಪಾನಿನಲ್ಲಿ ಹುಡುಗರನ್ನು ಸಲುಗೆಯಿಂದ ಕರೆಯೋ ರೀತಿ, ನಮ್ಮಲ್ಲಿ 'ಎಂಆರ್ ತಮ್ಮ' ಅಂದ ಹಾಗೆ. ಬ್ಯಾಗು ಹೊತ್ತು ಹೋಗುವ ಬದಲು ಕಂಪನಿಯ ಸಂದೇಶ ತಾಣದ ಮೂಲಕ ಡಾಕ್ಟರ ಪೆಟ್ಟಿಗೆಗೆ ಬಂದು ಬೀಳುತ್ತೆ. ಇವತ್ತು ಜಪಾನಿನ ಬಹುಪಾಲು ಡಾಕ್ಟರುಗಳು ಆ ತಾಣದ ಸದಸ್ಯರು. 2019ರಲ್ಲಿ ಇದೇ ಎಂ3 ನಮ್ಮ ಬೆಂಗಳೂರಿನ ಡೈಲಿರೌಂಡ್ಸ್ ಕಂಪನಿಯಲ್ಲಿ ಹೆಚ್ಚಿನ ಪಾಲು ಕೊಂಡಿತು. ಡೈಲಿರೌಂಡ್ಸ್ ಅಂದ್ರೆ ಡಾಕ್ಟರುಗಳು ಕೇಸು ಹಂಚಿಕೊಳ್ಳುವ ಆ್ಯಪ್. ಪಿಜಿ ನೀಟ್‌ಗೆ ಓದುವ ನಿಮ್ಮ ಗೆಳೆಯರ ಫೋನಿನಲ್ಲಿರುವ ಮ್ಯಾರೋ ಕೂಡ ಅವರದ್ದೇ. ಇದರಲ್ಲಿ ಯಾರೋ ತಪ್ಪು ಮಾಡಿದ್ದಾರೆ ಅಂತ ನಾವು ಹೇಳ್ತಿಲ್ಲ. ಈ ವ್ಯವಹಾರ ಎಲ್ಲೋ ದೂರದ ದೇಶದ್ದಲ್ಲ, ನಮ್ಮ ಪ್ಲೇಸ್‌ಮೆಂಟ್ ಪಟ್ಟಿಯಷ್ಟೇ ಹತ್ತಿರದ್ದು ಅಂತ ಹೇಳ್ತಿದ್ದೀವಿ, ಅಷ್ಟೇ.

ಗೆಳೆಯನ ಮಾತೋ, ಕಂಪನಿಯ ಮಾತೋ?

ಮೇಲಿನದ್ದೆಲ್ಲ ಮುಚ್ಚಿದ ಬಾಗಿಲ ಒಳಗಿನ ತಾಣಗಳು. ಎಲ್ಲರಿಗೂ ಕಾಣುತ್ತಿದ್ದ ಟ್ವಿಟರ್‌ನಲ್ಲಿ ಏನು ನಡೆಯುತ್ತಿತ್ತು? ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡೋಕೆ ಸಾಧ್ಯವಾಯ್ತು. ಯಾಕಂದ್ರೆ ಅಲ್ಲಿ 2010ರಲ್ಲಿ ಒಂದು ಕಾನೂನು ಬಂತು. ಔಷಧ ಕಂಪನಿ ಯಾವ ಡಾಕ್ಟರಿಗೆ ಎಷ್ಟು ದುಡ್ಡು ಕೊಟ್ಟಿತು, ಊಟ ಎಷ್ಟರದು, ಪ್ರಯಾಣ ಎಷ್ಟರದು ಅನ್ನೋದನ್ನೆಲ್ಲ ಸರ್ಕಾರಕ್ಕೆ ತಿಳಿಸಬೇಕು. 2014ರಿಂದ ಆ ಲೆಕ್ಕ ಓಪನ್ ಪೇಮೆಂಟ್ಸ್ ಅನ್ನುವ ತಾಣದಲ್ಲಿದೆ. ಯಾರು ಬೇಕಾದರೂ ಡಾಕ್ಟರ ಹೆಸರು ಹಾಕಿ ನೋಡಬಹುದು.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಟ್ವಿಟರ್‌ನಲ್ಲಿದ್ದ 634 ಕ್ಯಾನ್ಸರ್ ಮತ್ತು ರಕ್ತರೋಗ ತಜ್ಞರ ಹೆಸರುಗಳನ್ನು ಈ ಲೆಕ್ಕದ ಜೊತೆ ಹೋಲಿಸಿತು. ಸುಮಾರು 80% ಜನರಿಗೆ ಕಂಪನಿಗಳಿಂದ ಒಂದಲ್ಲ ಒಂದು ರೀತಿ ಹಣ ಸಂದಿತ್ತು. ಅದೇ ವರ್ಷ ಅದರ ಮುಂದಿನ ಭಾಗ ಬಂತು. ಕಂಪನಿಯ ಹಣ ಪಡೆದು, ಟ್ವಿಟರ್‌ನಲ್ಲೂ ಚುರುಕಾಗಿದ್ದ 156 ತಜ್ಞರ ಟ್ವೀಟ್‌ಗಳನ್ನು ಓದಿ ನೋಡಿದರು. ಐದರಲ್ಲಿ ನಾಲ್ವರು ತಮಗೆ ಹಣ ಕೊಟ್ಟ ಕಂಪನಿಯ ಔಷಧವನ್ನು ಒಮ್ಮೆಯಾದರೂ ಹೆಸರಿಸಿದ್ದರು. ಹಣದ ವಿಷಯವನ್ನು ತಾವೇ ಹೇಳಿಕೊಂಡವರು ಎಷ್ಟು ಜನ? ಇಬ್ಬರು.

ಹಣ ಪಡೆದವರೆಲ್ಲ ಸುಳ್ಳು ಹೇಳ್ತಾರೆ ಅಂತ ಇದರರ್ಥ ಅಲ್ಲ. ಆ ಔಷಧ ನಿಜಕ್ಕೂ ಒಳ್ಳೇದಿರಬಹುದು. ಸಮಸ್ಯೆ ಇರೋದು ಓದುವವರ ಕಡೆ. ಟ್ವೀಟ್ ನೋಡುವ ಇನ್ನೊಬ್ಬ ಡಾಕ್ಟರಿಗೆ ಅದು ಸಹೋದ್ಯೋಗಿಯ ಅನುಭವದ ಮಾತಿನ ಹಾಗೇ ಕಾಣುತ್ತೆ.

ಈಗ ಇಲಿನಾಯ್ ಕಥೆಯ ತಿರುವಿಗೆ ಬರೋಣ. 2001ರಲ್ಲಿ ವಾನ್ ಡೆನ್ ಬುಲ್ಟೆ ಮತ್ತು ಲಿಲಿಯನ್ ಎಂಬ ಇಬ್ಬರು ಸಂಶೋಧಕರು ಆ ಹಳೇ ಡೇಟಾವನ್ನೇ ಮತ್ತೆ ತೆಗೆದರು. ಈ ಸಲ ಅದರ ಜೊತೆ ಆ ಕಾಲದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದ್ದ ಟೆಟ್ರಾಸೈಕ್ಲಿನ್ ಜಾಹೀರಾತುಗಳ ಲೆಕ್ಕವನ್ನೂ ಸೇರಿಸಿದರು. ಆಗ ಡಾಕ್ಟರಿಂದ ಡಾಕ್ಟರಿಗೆ ಹರಡಿದ್ದು ಅಂತ ಕಾಣುತ್ತಿದ್ದ ಪರಿಣಾಮ ಮಾಯವಾಯ್ತು! ಅಷ್ಟು ವರ್ಷ ಗೆಳೆಯರ ಮಾತಿನ ಪ್ರಭಾವಕ್ಕೆ ಹೆಸರಾಂತ ಉದಾಹರಣೆಯಾಗಿದ್ದ ಡೇಟಾದ ಹಿಂದೆ ಕಂಪನಿಗಳ ಪ್ರಚಾರ ಇತ್ತು.

ಎಂಜಿನಿಯರಿಂಗ್ ಓದುವ ನಮಗೆ ಇದು ದೊಡ್ಡ ಪಾಠ. ಎರಡು ಸಿಗ್ನಲ್‌ಗಳು ಒಂದೇ ವೈರಿನಲ್ಲಿ ಬಂದರೆ, ಯಾವುದು ಎಲ್ಲಿಂದ ಹೊರಟಿತು ಅನ್ನೋದು ಔಟ್‌ಪುಟ್ ನೋಡಿದರೆ ಮಾತ್ರ ಗೊತ್ತಾಗಲ್ಲ. ಮೂಲದಲ್ಲೇ ಗುರುತು ಹಾಕಿರಬೇಕು. ಗೆಳೆಯನ ಮಾತು ಮತ್ತು ಕಂಪನಿಯ ಮಾತನ್ನು ಮೂವರು ಘಟಾನುಘಟಿ ವಿದ್ವಾಂಸರಿಗೇ ಬೇರ್ಪಡಿಸೋಕೆ ಆಗಲಿಲ್ಲ ಅಂದ್ರೆ, ರಾತ್ರಿ ಡ್ಯೂಟಿ ಮುಗಿಸಿ ಫೋನ್ ನೋಡುವ ಡಾಕ್ಟರಿಗೆ ಆಗುತ್ತಾ? ಕಂಪನಿಗಳಿಗೆ ಈ ತಾಣಗಳ ಮೇಲೆ ಅಷ್ಟು ಆಸಕ್ತಿ ಇರುವುದೂ ಇದಕ್ಕೇ. ಎಂಆರ್ ಬಂದು ಹೇಳಿದರೆ ಡಾಕ್ಟರು ಅರ್ಧ ಕಿವಿಯಲ್ಲಿ ಕೇಳ್ತಾರೆ. ತಮ್ಮಂಥ ಇನ್ನೊಬ್ಬ ಡಾಕ್ಟರು ಹೇಳಿದರೆ ಪೂರ್ತಿ ಕೇಳ್ತಾರೆ.

ಕೋಡೇ ಎಂಆರ್ ಆದಾಗ

ಇದು ಎಷ್ಟರ ಮಟ್ಟಿಗೆ ಹೋಗಬಹುದು ಅನ್ನೋದಕ್ಕೆ ಪ್ರಾಕ್ಟೀಸ್ ಫ್ಯೂಷನ್ ಪ್ರಕರಣ ನೋಡಿ. ಇದು ಸೋಶಿಯಲ್ ಮೀಡಿಯಾ ಅಲ್ಲ, ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್. ಆದರೆ ಮೊದಲಿಗೆ ಅದೂ ಡಾಕ್ಟರುಗಳಿಗೆ ಉಚಿತವಾಗಿಯೇ ಸಿಗುತ್ತಿತ್ತು, ಹಾಗಾಗಿ ಅಲ್ಲೂ ದುಡ್ಡು ಬೇರೆ ಕಡೆಯಿಂದಲೇ ಬರಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಈ ಕಂಪನಿ, ಓಪಿಯಾಯ್ಡ್ ನೋವುನಿವಾರಕ ತಯಾರಿಸುವ ಒಂದು ಔಷಧ ಕಂಪನಿಯಿಂದ ಸುಮಾರು 10 ಲಕ್ಷ ಡಾಲರ್ ಪಡೆದು ತನ್ನ ಸಾಫ್ಟ್‌ವೇರ್‌ನಲ್ಲಿ ಒಂದು ಅಲರ್ಟ್ ಸೇರಿಸಿತು. ಅಲರ್ಟ್ ಹೇಗಿರಬೇಕು ಅನ್ನೋದರಲ್ಲಿ ಆ ಔಷಧ ಕಂಪನಿಯ ಮಾರ್ಕೆಟಿಂಗ್ ವಿಭಾಗದ ಕೈ ಇತ್ತು. ಡಾಕ್ಟರಿಗೆ ಮಾತ್ರ ಅದು ಸಾಮಾನ್ಯ ವೈದ್ಯಕೀಯ ಸೂಚನೆಯ ಹಾಗೇ ಕಾಣುತ್ತಿತ್ತು. 2016ರಿಂದ 2019ರವರೆಗೆ ಅದು 23 ಕೋಟಿಗೂ ಹೆಚ್ಚು ಸಲ ಸ್ಕ್ರೀನಿನ ಮೇಲೆ ಬಂತು. ಓಪಿಯಾಯ್ಡ್ ಚಟದಿಂದ ಅಮೆರಿಕದಲ್ಲಿ ಜನ ಸಾಯುತ್ತಿದ್ದ ಕಾಲ ಅದು. 2020ರ ಜನವರಿಯಲ್ಲಿ ಕಂಪನಿ 14.5 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಆ ಅಲರ್ಟ್‌ನ ಕೋಡನ್ನು ಯಾರೋ ಒಬ್ಬರು ಬರೆದಿರ್ತಾರೆ, ಇನ್ನೊಬ್ಬರು ಟೆಸ್ಟ್ ಮಾಡಿರ್ತಾರೆ. ಅವರಿಗೆ ಅದು ಟಿಕೆಟ್ ನಂಬರ್ ಇದ್ದ ಇನ್ನೊಂದು ಫೀಚರ್ ಅಷ್ಟೇ ಆಗಿದ್ದಿರಬಹುದು.

ನಮ್ಮ ದೇಶದಲ್ಲಿ?

ಉಡುಗೊರೆಯ ಬಗ್ಗೆ ನಮ್ಮಲ್ಲಿ ನಿಯಮಗಳಿವೆ. ಡಾಕ್ಟರುಗಳು ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯಬಾರದು ಅಂತ 2009ರಲ್ಲೇ ವೈದ್ಯಕೀಯ ಮಂಡಳಿಯ ನಿಯಮಕ್ಕೆ ಸೇರಿತು. ಡಾಕ್ಟರುಗಳಿಗೆ ಕೊಟ್ಟ ಉಡುಗೊರೆಯನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ಕಂಪನಿ ತೆರಿಗೆ ಉಳಿಸುವಂತಿಲ್ಲ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಕಂಪನಿಗಳ ಮಾರಾಟ ನೀತಿಗೆ ಹೊಸ ಸಂಹಿತೆ ತಂದಿತು.

ಸೋಶಿಯಲ್ ಮೀಡಿಯಾ ಬಗ್ಗೆ? 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಪ್ರಕಟಿಸಿತು. ಡಾಕ್ಟರುಗಳು ಲೈಕ್, ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು ಅನ್ನೋದೂ ಅದರಲ್ಲಿತ್ತು. ಜೆನೆರಿಕ್ ಔಷಧ ಬರೆಯೋದು ಸೇರಿದಂತೆ ಬೇರೆ ಅಂಶಗಳಿಗೆ ಡಾಕ್ಟರುಗಳಿಂದ ವಿರೋಧ ಬಂತು. ಮೂರೇ ವಾರದಲ್ಲಿ, ಆಗಸ್ಟ್ 23ರಂದು, ಇಡೀ ನಿಯಮಾವಳಿಯನ್ನೇ ತಡೆಹಿಡಿದರು. ಇನ್ನು ಓಪನ್ ಪೇಮೆಂಟ್ಸ್ ಥರ ಡಾಕ್ಟರ ಹೆಸರು ಹಾಕಿದರೆ ಲೆಕ್ಕ ತೋರಿಸುವ ಸಾರ್ವಜನಿಕ ತಾಣ ನಮ್ಮಲ್ಲಿಲ್ಲ. ಅಂದ್ರೆ ಟ್ವಿಟರ್ ಅಧ್ಯಯನದಂಥದ್ದನ್ನು ಇಲ್ಲಿ ಮಾಡಬೇಕು ಅಂದ್ರೆ ಹೋಲಿಸೋಕೆ ಎರಡನೇ ಕಾಲಮ್ಮೇ ಇಲ್ಲ.

ಹಾಗಾದ್ರೆ ನಾವು ಏನು ಮಾಡಬಹುದು?

ನೋಡುಗರಾಗಿ ಒಂದು ಅಭ್ಯಾಸ ಬೆಳೆಸಿಕೊಳ್ಳಬಹುದು. ಡಾಕ್ಟರು ರೀಲ್‌ನಲ್ಲಿ ಒಂದು ಬ್ರ್ಯಾಂಡ್ ಹೆಸರು ಹೇಳಿದರೆ, "ಇದಕ್ಕೆ ದುಡ್ಡು ಬಂದಿದೆಯಾ ಅಂತ ಹೇಳಿದ್ದಾರಾ?" ಅಂತ ನೋಡಿ. ಕಾಯಿಲೆಯ ಬಗ್ಗೆ ಹೇಳೋದು ಒಂದು, ಬ್ರ್ಯಾಂಡ್ ಬಗ್ಗೆ ಹೇಳೋದು ಇನ್ನೊಂದು. ಮನೆಯ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡುವ ಮೊದಲು ಈ ವ್ಯತ್ಯಾಸ ಒಮ್ಮೆ ನೆನಪಿಸಿಕೊಳ್ಳಿ. ಅಮ್ಮನ ಬಿಪಿ ಮಾತ್ರೆ ಬದಲಾಯಿಸುವ ವಿಷಯ ಆದರಂತೂ ಅಮ್ಮನನ್ನು ನೋಡುವ ಡಾಕ್ಟರನ್ನೇ ಕೇಳಿ.

ಕೆಲಸಕ್ಕೆ ಸೇರಿದ ಮೇಲೆ ಕೇಳಬಹುದಾದ ಪ್ರಶ್ನೆಗಳು ಬೇರೆ. ಈ ಫೀಚರ್‌ಗೆ ದುಡ್ಡು ಕೊಡೋರು ಯಾರು? ಅವರ ಹೆಸರು ಡಾಕ್ಟರ ಸ್ಕ್ರೀನಿನಲ್ಲಿ ಕಾಣುತ್ತಾ? ಡೇಟಾಬೇಸ್‌ನಲ್ಲಿ 'ಪ್ರಾಯೋಜಿತ' ಅನ್ನೋದಕ್ಕೆ ಒಂದು ಕಾಲಮ್ ಇದೆಯಾ? ಆ ಕಾಲಮ್ ಸೇರಿಸೋಕೆ ಹೆಚ್ಚೆಂದರೆ ಒಂದು ಮಧ್ಯಾಹ್ನ ಬೇಕು. ಅದಿಲ್ಲದಿದ್ದರೆ ಆಮೇಲೆ ಎಷ್ಟೇ ದೊಡ್ಡ ಅಲ್ಗಾರಿದಮ್ ತಂದರೂ ಎರಡು ಸಿಗ್ನಲ್ ಬೇರ್ಪಡಿಸೋದು ಕಷ್ಟ. ಇಲಿನಾಯ್ ಡೇಟಾ ಅದನ್ನೇ ಹೇಳ್ತಿದೆ.

ಮೆಸ್ಸಿನ ಅಕ್ಕನ ಕಥೆ ಏನಾಯ್ತು ಅಂತೀರಾ? ಎರಡನೇ ಸುತ್ತಿನಲ್ಲಿ "ನಿಮಗೆ ಏನಾದ್ರೂ ಕೇಳೋದಿದೆಯಾ?" ಅಂದಾಗ ಅವರು ಈ ಪ್ರಶ್ನೆಯನ್ನೇ ಕೇಳಿದರು: ಆ ನೂರು ಡಾಕ್ಟರುಗಳಿಗೆ ತಾವು ಈ ಪಟ್ಟಿಯಲ್ಲಿದ್ದೀವಿ ಅಂತ ಗೊತ್ತಿರುತ್ತಾ? ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ವಿಚಾರಿಸಿ ಹೇಳ್ತೀವಿ" ಅಂದರಂತೆ. ಕೆಲಸ ಸಿಕ್ಕಿತು, ಆಫರ್ ಲೆಟರ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ. ಸೇರಿದ ಮೊದಲ ವಾರವೇ ಮತ್ತೆ ಕೇಳ್ತೀನಿ ಅಂತ ಅಕ್ಕ ನಮಗೆ ಮಾತು ಕೊಟ್ಟಿದ್ದಾರೆ.