ಹಳೆಯ ತೈಲಬಾವಿಗೆ ಹೊಸ ಲೆಕ್ಕ

ಗುಜರಾತಿನ ತೈಲದ ಕಥೆಗೆ ಈಗ ಅರವತ್ತು ದಾಟಿದೆ. 1958ರಲ್ಲಿ ಖಂಭಾತ್ ಬಳಿಯ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಓಎನ್‌ಜಿಸಿಗೆ ತೈಲ ಸಿಕ್ಕಿತು. 1965ರಲ್ಲಿ ವಡೋದರದ ಹೊರವಲಯದ ಕೊಯಲಿಯಲ್ಲಿ ಸಂಸ್ಕರಣಾಗಾರ ಎದ್ದಿತು. ಆ ನಗರಕ್ಕೆ 1970ರ ದಶಕದಲ್ಲೇ ಕೊಳವೆಯಲ್ಲಿ ಅಡುಗೆ ಅನಿಲವೂ ಬಂತು. ಆದರೆ ತಾನಾಗಿ ಚಿಮ್ಮುವ ತೈಲದ ಕಾಲ ಎಂದೋ ಮುಗಿಯಿತು. ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿರುವ ತೈಲವನ್ನು ಮೇಲಕ್ಕೆ ದೂಡುತ್ತಿದ್ದ ಒತ್ತಡ ಇಳಿದಿದೆ. ತೈಲದ ಜೊತೆ ನೀರೂ ಬರುತ್ತದೆ. ಜಗತ್ತಿನ ತೈಲಕ್ಷೇತ್ರಗಳ ಸರಾಸರಿ ತೆಗೆದರೆ ನೆಲದಡಿಯ ಸಂಗ್ರಹದಲ್ಲಿ ಮೇಲೆ ಬರುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ನಮ್ಮ ದೇಶಕ್ಕೆ ಉಳಿದ ಪಾಲು ಸಣ್ಣದಲ್ಲ. ಅದನ್ನು ತೆಗೆಯಲು ‘ಬಿಗ್ ಡೇಟಾ’, ಅಂದರೆ ರಾಶಿ ಅಂಕಿಗಳನ್ನು ಕಂಪ್ಯೂಟರಿನಿಂದ ಜಾಲಾಡುವ ವಿದ್ಯೆ, ನೆರವಾಗಬಲ್ಲದು. ಅದರ ಹೆಸರೆತ್ತಿದೊಡನೆ ಹೊಸ ನಿಕ್ಷೇಪ ಹುಡುಕುವ ಮಾತೇ ಹೆಚ್ಚು ಕೇಳಿಬರುತ್ತದೆ. ಆದರೆ ಗುಜರಾತಿನ ಮಟ್ಟಿಗೆ ಅದರ ನಿಜವಾದ ಪ್ರಯೋಜನ ಇರುವುದು ಈಗಾಗಲೇ ಕೊರೆದ ಬಾವಿಗಳಲ್ಲಿ.

ಮೆಹಸಾನಾ, ಕಲೋಲ್ ಕಡೆಯ ಹೊಲಗಳ ನಡುವೆ ತಲೆದೂಗುತ್ತ ನಿಂತ ಪಂಪುಗಳನ್ನೇ ನೋಡಿ. ಅವುಗಳಿಂದ ಬಾವಿಯ ಆಳಕ್ಕೆ ಇಳಿಬಿಟ್ಟ ಉಕ್ಕಿನ ಸರಳು ಒಂದು ಸಲ ಏರಿ ಇಳಿದಾಗ ಅದರ ಮೇಲೆ ಬಿದ್ದ ಭಾರವನ್ನೂ ಅದು ಇದ್ದ ಸ್ಥಾನವನ್ನೂ ಅಳೆದು ಗೆರೆ ಎಳೆದರೆ ಒಂದು ಮುಚ್ಚಿದ ಆಕೃತಿ ಬರುತ್ತದೆ. ವೈದ್ಯರು ಇಸಿಜಿ ಓದುವಂತೆ ನುರಿತ ಎಂಜಿನಿಯರ್ ಅದನ್ನು ಓದಬಲ್ಲರು: ಪಂಪಿಗೆ ಅನಿಲ ನುಗ್ಗಿದೆಯೇ, ಕವಾಟ ಸೋರುತ್ತಿದೆಯೇ, ಸರಳು ತುಂಡಾಗಿದೆಯೇ ಎಂದು ಹೇಳಬಲ್ಲರು. ಮೇಲಿನ ಅಳತೆಯಿಂದ ನೂರಾರು ಮೀಟರ್ ಆಳದ ಪಂಪಿನ ಸ್ಥಿತಿಯನ್ನು ಲೆಕ್ಕಹಾಕುವ ಗಣಿತವನ್ನು ಎಂಜಿನಿಯರ್ ಎಸ್.ಜಿ. ಗಿಬ್ಸ್ 1960ರ ದಶಕದಲ್ಲೇ ಪ್ರಕಟಿಸಿದ್ದರು. ವಿದ್ಯೆ ಹಳೆಯದು, ಕೊರತೆ ಇದ್ದದ್ದು ಕಣ್ಣುಗಳಿಗೆ. ಪಂಪು ನಿಮಿಷಕ್ಕೆ ಆರು ಸಲ ಏರಿಳಿದರೆ ದಿನಕ್ಕೆ 8,640 ಆಕೃತಿಗಳು. ಸಾವಿರ ಬಾವಿಗಳಿದ್ದರೆ 86 ಲಕ್ಷ. ಇಷ್ಟನ್ನು ನೋಡುವ ಸಿಬ್ಬಂದಿ ಯಾವ ಕಂಪನಿಯಲ್ಲೂ ಇಲ್ಲ. ಕಂಪ್ಯೂಟರ್ ಎಲ್ಲವನ್ನೂ ನೋಡಿ, ಕೆಡುವ ಲಕ್ಷಣವಿರುವ ಹತ್ತು ಬಾವಿಗಳನ್ನು ಬೇರ್ಪಡಿಸಿ ಕೊಟ್ಟರೆ ದುರಸ್ತಿ ತಂಡ ನೇರವಾಗಿ ಅಲ್ಲಿಗೇ ಹೋಗಬಹುದು.

ಮೆಹಸಾನಾದ ಬಲೋಲ್, ಸಂಥಾಲ್ ಕ್ಷೇತ್ರಗಳಲ್ಲಿ ಇದರ ಅಗತ್ಯ ಇನ್ನೂ ಸ್ಪಷ್ಟ. ಅಲ್ಲಿನ ತೈಲ ತುಂಬಾ ಗಟ್ಟಿ. 1990ರ ದಶಕದಿಂದ ಅಲ್ಲಿ ನೆಲದೊಳಕ್ಕೆ ಗಾಳಿ ಊದಿ, ತೈಲದ ಒಂದಂಶವನ್ನು ಅಲ್ಲೇ ಉರಿಸಿ, ಆ ಶಾಖದಿಂದ ಉಳಿದದ್ದನ್ನು ತೆಳುವಾಗಿಸಿ ತೆಗೆಯುತ್ತಾರೆ. ಉರಿ ಯಾವ ದಿಕ್ಕಿಗೆ ಸಾಗಿದೆ ಎಂಬುದು ಕಣ್ಣಿಗೆ ಕಾಣದು. ಸುತ್ತಲ ಬಾವಿಗಳ ತಾಪ, ಒತ್ತಡ, ಹೊರಬರುವ ಅನಿಲದಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಜನಕದ ಪ್ರಮಾಣಗಳಿಂದಲೇ ಊಹಿಸಬೇಕು. ತೈಲ ತೆಗೆಯುವ ಬಾವಿಯಲ್ಲಿ ಆಮ್ಲಜನಕ ಕಾಣಿಸಿದರೆ ಸ್ಫೋಟದ ಅಪಾಯ. ಹತ್ತಾರು ಬಾವಿಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಇಂಥ ಸುಳಿವು ಬೇಗ ಸಿಗುವುದು.

ಇದಕ್ಕೆ ಗಟ್ಟಿ ಆಕ್ಷೇಪಗಳಿವೆ. ಹಳೆಯ ಕ್ಷೇತ್ರದ ದಾಖಲೆಗಳು ಕಾಗದದಲ್ಲಿ, ಬೇರೆ ಬೇರೆ ಉಪಕರಣಗಳ ಅಳತೆಯಲ್ಲಿ ಹುಟ್ಟಿದವು. ಎಷ್ಟೋ ಕಡೆ ಹಲವು ಬಾವಿಗಳ ತೈಲ ಒಂದೇ ತೊಟ್ಟಿಗೆ ಸೇರಿ, ಬಳಿಕ ಅಂದಾಜಿನಲ್ಲಿ ಹಂಚಿ ಬರೆಯಲಾಗುತ್ತದೆ. ತಪ್ಪು ಅಂಕಿಯಿಂದ ಕಲಿತ ಯಂತ್ರ ತಪ್ಪನ್ನೇ ವೇಗವಾಗಿ ಹೇಳುತ್ತದೆ. ಈ ಮಾತು ನಿಜ. ಆದರೆ ಅದು ದಾಖಲೆ ಶುದ್ಧಮಾಡಲು ಕಾರಣವೇ ಹೊರತು ಕೈಬಿಡಲು ಅಲ್ಲ. ದೇಶದ ಭೂಗರ್ಭ ದಾಖಲೆಗಳನ್ನು ಒಂದೆಡೆ ತರುವ ರಾಷ್ಟ್ರೀಯ ದತ್ತಾಂಶ ಭಂಡಾರ 2017ರಲ್ಲಿ ಆರಂಭವಾಗಿದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಅಂಕಿಗಳಿದ್ದರೂ ಅಪಘಾತ ತಪ್ಪುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ವೇದಿಕೆಯ ಸ್ಫೋಟದಲ್ಲಿ 11 ಜನ ಸತ್ತರು. ಬಾವಿ ಭದ್ರವಾಗಿಲ್ಲ ಎಂಬ ಸೂಚನೆ ಒತ್ತಡ ಪರೀಕ್ಷೆಯಲ್ಲಿತ್ತು. ಅದನ್ನು ತಪ್ಪಾಗಿ ಅರ್ಥೈಸಲಾಯಿತು. ದೊಡ್ಡ ಅಪಘಾತಗಳು ಅಪರೂಪವಾದ್ದರಿಂದ ಯಂತ್ರಕ್ಕೆ ಕಲಿಯಲು ಉದಾಹರಣೆಗಳೂ ಕಡಿಮೆ. ಆದ್ದರಿಂದ ಎಚ್ಚರಿಸುವುದು ಯಂತ್ರದ ಕೆಲಸ, ಕಾರಣ ಕೇಳಿ ಕೆಲಸ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವ ಎಂಜಿನಿಯರ್‌ಗಳದ್ದಾಗಿರಬೇಕು. ಸೌರಶಕ್ತಿಯ ಕಾಲದಲ್ಲಿ ತೈಲಕ್ಕೆ ಇಷ್ಟು ಜಾಣ್ಮೆ ಏಕೆ ಎಂದೂ ಕೇಳಬಹುದು. ತೈಲ ಬಳಸುವಷ್ಟು ದಿನ ಹೊಸ ನೆಲ ಕೊರೆಯುವುದಕ್ಕಿಂತ ಇದ್ದ ಬಾವಿಯನ್ನು ಕಡಿಮೆ ವಿದ್ಯುತ್ತಿನಲ್ಲಿ, ಮೀಥೇನ್ ಸೋರದಂತೆ ನಡೆಸುವುದು ಲೇಸು.

ಅಹಮದಾಬಾದಿನಲ್ಲಿ ತೈಲಾಶಯಗಳ ಅಧ್ಯಯನಕ್ಕೇ ಮೀಸಲಾದ ಓಎನ್‌ಜಿಸಿ ಸಂಸ್ಥೆಯಿದೆ. ಪರಿಣತಿಯ ಕೊರತೆ ನಮಗಿಲ್ಲ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಪ್ರತಿ ಬಾವಿಗೂ ನಂಬಬಹುದಾದ ಮೀಟರು, ಹಳೆಯ ಕಡತಗಳ ಪರಿಶೋಧನೆ, ಅವನ್ನು ಓದಬಲ್ಲ ಹಿರಿಯರ ಅನುಭವದ ದಾಖಲೆ, ಈ ಮೂರಕ್ಕೆ ಹಣ ಮೊದಲು ಹೋಗಬೇಕು.